ಮಾರ್ಚ್ ಬಂತು, ಲಾನ್‌ಗೆ ಈಗ ಏನು ಮಾಡಬೇಕು, ಏನು ಬಿಡಬೇಕು?

ಹೊಸಮನೆ_ಜೆರ್ಸಿ · ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಮಧ್ಯಭಾಗದಲ್ಲಿ ಮನೆ ತಗೊಂಡೆವು. ಅಲ್ಲಿಯವರೆಗೆ ಅಪಾರ್ಟ್‌ಮೆಂಟ್ ವಾಸ. ಹುಲ್ಲಿನ ವಿಷಯದಲ್ಲಿ ನಾವು ಶುದ್ಧ ಹೊಸಬರು. ಮುಂದೆ ಹಿಂದೆ ಸೇರಿ ಸುಮಾರು 4,000 ಚದರಡಿ ಲಾನ್ ಇದೆ.

ಸ್ನೋ ಕರಗಿದ ಮೇಲೆ ನೋಡಿದರೆ ಅರ್ಧ ಕಂದು. ಅಲ್ಲಲ್ಲಿ ತಟ್ಟೆಯಗಲದ ಬೂದು ಮಚ್ಚೆ. ಹಿಂದಿನ ಮೇಪಲ್ ಮರದ ಕೆಳಗೆ ಹುಲ್ಲಿಗಿಂತ ಪಾಚಿ ಜಾಸ್ತಿ. ಡ್ರೈವ್‌ವೇ ಅಂಚಿನಲ್ಲಂತೂ ಬರೀ ಮಣ್ಣು.

ಒಂದು ಲಾನ್ ಕಂಪನಿಯವರು ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋಗಿದ್ದಾರೆ. ಸ್ಪ್ರಿಂಗ್ ಪ್ಯಾಕೇಜ್ ಅಂತೆ. ಡಿಥ್ಯಾಚಿಂಗ್ (ಬುಡದ ಒಣ ನಾರು ಕೆರೆದು ತೆಗೆಯುವುದು), ಏರೇಶನ್ (ಗಾಳಿಯಾಡಲು ನೆಲಕ್ಕೆ ತೂತು ಹಾಕುವುದು), ಬೀಜ, ಸುಣ್ಣ, ಗೊಬ್ಬರ, ಕ್ರ್ಯಾಬ್‌ಗ್ರಾಸ್ ಎಂಬ ಕಳೆಗೆ ಔಷಧಿ, ಎಲ್ಲ ಒಟ್ಟಿಗೆ. ಇದೆಲ್ಲ ಬೇಕಾ? ನಾವೇ ಮಾಡಿಕೊಳ್ಳಬಹುದಾ? ಈ ಶನಿವಾರ ಹೋಗಿ ಸಾಮಾನು ತರೋಣ ಅಂತಿದ್ದೇವೆ.

ರಾರಿಟನ್_ರೈತ · ಮಾರ್ಚ್ 8

ಶನಿವಾರ ಏನೂ ತರಬೇಡಿ. ಮೊದಲು ಲಾನ್ ಮೇಲೆ ನಡೆದು ನೋಡಿ. ಕಾಲಿಟ್ಟಲ್ಲಿ ನೀರು ಒಸರಿದರೆ, ಹೆಜ್ಜೆ ಗುರುತು ಹಾಗೇ ಉಳಿದರೆ, ಒಳಗೆ ಬಂದು ಕಾಫಿ ಕುಡಿಯಿರಿ. ಒದ್ದೆ ಮಣ್ಣಿನ ಮೇಲೆ ಓಡಾಡಿದಷ್ಟೂ ಅದು ಒತ್ತಿಕೊಂಡು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಜೇಡಿಮಣ್ಣಾದರೆ ಇನ್ನೂ ಕಷ್ಟ.

ಆ ಪ್ಯಾಕೇಜ್‌ನಲ್ಲಿ ಒಂದು ತಮಾಷೆ ಇದೆ ನೋಡಿ. ಬೀಜವೂ ಇದೆ, ಬೀಜ ಮೊಳೆಯದಂತೆ ತಡೆಯುವ ಪ್ರಿ-ಎಮರ್ಜೆಂಟೂ ಇದೆ. ಕ್ರ್ಯಾಬ್‌ಗ್ರಾಸ್ ಬೀಜ ಯಾವುದು, ನೀವು ದುಡ್ಡು ಕೊಟ್ಟು ತಂದ ಬೀಜ ಯಾವುದು ಅಂತ ಆ ಔಷಧಿಗೆ ಗೊತ್ತಾಗಲ್ಲ. ಎರಡನ್ನೂ ನಿಲ್ಲಿಸುತ್ತದೆ.

ನಮ್ಮ ಕಡೆ ಲಾನ್‌ಗಳಲ್ಲಿ ಇರುವುದು ಬಹುತೇಕ ಕೆಂಟಕಿ ಬ್ಲೂಗ್ರಾಸ್, ಟಾಲ್ ಫೆಸ್ಕ್ಯೂ, ಪೆರೆನಿಯಲ್ ರೈ, ಫೈನ್ ಫೆಸ್ಕ್ಯೂ. ಎಲ್ಲವೂ ಚಳಿ ಇಷ್ಟಪಡುವ ಜಾತಿಗಳು. ವಸಂತದಲ್ಲಿ, ಶರತ್ಕಾಲದಲ್ಲಿ ಜೋರಾಗಿ ಬೆಳೆಯುತ್ತವೆ. ಜುಲೈ ಬಿಸಿಲಿಗೆ ಸುಸ್ತಾಗುತ್ತವೆ. ಈಗ ಬಿತ್ತಿದ ಬೀಜ ಏಪ್ರಿಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಬೇರು ಇಳಿಯುವ ಮೊದಲೇ ಬೇಸಿಗೆ ಬರುತ್ತದೆ. ಅದಕ್ಕೇ ಬಿತ್ತನೆ, ಏರೇಶನ್, ಡಿಥ್ಯಾಚಿಂಗ್‌ನಂಥ ದೊಡ್ಡ ಕೆಲಸಗಳನ್ನೆಲ್ಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ಗೆ ಇಟ್ಟುಕೊಳ್ಳಿ. ವಸಂತದಲ್ಲಿ ನಿಜವಾಗಿ ಮಾಡಬೇಕಾದ್ದು ಕಸ ತೆಗೆಯುವುದು, ಕ್ರ್ಯಾಬ್‌ಗ್ರಾಸ್ ತಡೆಯುವುದು, ಮೋವರ್ ಬ್ಲೇಡ್ ಹರಿತ ಮಾಡಿಸುವುದು. ಅಷ್ಟೇ.

ಡೆಟ್ರಾಯಿಟ್_ದೊಡ್ಡಪ್ಪ · ಮಾರ್ಚ್ 8

ಬೂದು ಮಚ್ಚೆ ಸ್ನೋ ಮೋಲ್ಡ್ ಇರಬೇಕು. ಹಿಮದ ಅಡಿಯಲ್ಲಿ ಬೆಳೆಯುವ ಬೂಷ್ಟು. ನಮ್ಮ ಮಿಚಿಗನ್‌ನಲ್ಲಿ ಸ್ನೋ ತಿಂಗಳುಗಟ್ಟಲೆ ಕೂತಿರುತ್ತದೆ, ಹಾಗಾಗಿ ಇದು ನಮಗೆ ವರ್ಷವೂ ಬರುವ ನೆಂಟ. ಬೂದು, ಗುಲಾಬಿ ಅಂತ ಎರಡು ಬಗೆ. ಬೂದು ಬಣ್ಣದ್ದು ಸಾಮಾನ್ಯವಾಗಿ ಎಲೆಯನ್ನಷ್ಟೇ ತಿನ್ನುತ್ತದೆ, ಬುಡ ಜೀವಂತ ಇರುತ್ತದೆ. ಗುಲಾಬಿಯದು ಕೆಲವೊಮ್ಮೆ ಬುಡಕ್ಕೂ ಇಳಿಯುತ್ತದೆ. ಈಗ ಶಿಲೀಂಧ್ರನಾಶಕ ಹೊಡೆದು ಪ್ರಯೋಜನ ಇಲ್ಲ. ಮಣ್ಣು ಒಣಗಿದ ಮೇಲೆ ಎಲೆ ಗುಡಿಸುವ ಬಳುಕುವ ರೇಕ್‌ನಿಂದ ಹಗುರವಾಗಿ ಎಬ್ಬಿಸಿ. ಗಾಳಿ ಬಿಸಿಲು ತಾಗಿದರೆ ತಾನಾಗಿ ಹೋಗುತ್ತದೆ.

ಹುಲ್ಲಿನ ನಡುವೆ ಹಾವು ಹರಿದ ಹಾಗೆ ಸಣ್ಣ ದಾರಿಗಳು ಕಂಡರೆ ಅದು ವೋಲ್ ಎಂಬ ಇಲಿಯ ಕೆಲಸ. ಹಿಮದ ಅಡಿ ಓಡಾಡಿ ಹುಲ್ಲು ಮೇಯ್ದಿರುತ್ತದೆ. ಅದೂ ಮುಚ್ಚಿಕೊಳ್ಳುತ್ತದೆ.

ಡ್ರೈವ್‌ವೇ ಅಂಚಿನದು ಬೇರೆ ಕಥೆ, ಅದು ಹಿಮ ಕರಗಿಸಲು ಸುರಿಯುವ ಉಪ್ಪು. ನೆಲ ಪೂರ್ತಿ ಕರಗಿದ ಮೇಲೆ ಆ ಅಂಚಿಗೆ ಒಂದೆರಡು ಸಲ ನಿಧಾನವಾಗಿ, ಧಾರಾಳವಾಗಿ ನೀರು ಬಿಡಿ. ಉಪ್ಪು ಬೇರಿನ ಕೆಳಗೆ ಇಳಿದು ಹೋಗಲಿ. ಆಮೇಲೆ ಬೀಜದ ಮಾತು.

ಹೊಸಮನೆ_ಜೆರ್ಸಿ · ಮಾರ್ಚ್ 9

ಧನ್ಯವಾದ. ಆದರೆ ಡ್ರೈವ್‌ವೇ ಅಂಚಿಗೆ ಬೀಜ ಹಾಕಬೇಕು ಅಂದರೆ ಪ್ರಿ-ಎಮರ್ಜೆಂಟ್ ಹಾಕುವಂತಿಲ್ಲ ಅಲ್ವಾ? ಸೆಪ್ಟೆಂಬರ್‌ವರೆಗೆ ಬರೀ ಮಣ್ಣು ನೋಡಿಕೊಂಡು ಇರೋದು ಕಷ್ಟ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬೇರೆ ಇದೆ. ಇನ್ನೊಂದು, ಆ ಔಷಧಿ ಯಾವ ತಾರೀಕಿಗೆ ಹಾಕಬೇಕು?

ರಾರಿಟನ್_ರೈತ · ಮಾರ್ಚ್ 9

ತಾರೀಕು ನೋಡಬೇಡಿ, ಮಣ್ಣಿನ ಬಿಸಿ ನೋಡಿ. ಎರಡು ಇಂಚು ಆಳದಲ್ಲಿ ಮಣ್ಣು ಕೆಲವು ದಿನ ಸತತವಾಗಿ 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಹಾಕಬೇಕು. 55 ದಾಟಿದರೆ ಕ್ರ್ಯಾಬ್‌ಗ್ರಾಸ್ ಮೊಳೆಯಲು ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಸಾಕು. ಸಸ್ಯಾಹಾರಿಗಳ ಮನೆಯಲ್ಲೂ ಅದಕ್ಕೊಂದು ಕೆಲಸ ಸಿಕ್ಕಿತು.

ಥರ್ಮಾಮೀಟರ್ ಬೇಡ ಅಂದರೆ ಫೋರ್ಸಿಥಿಯಾ ನೋಡಿ. ಎಲೆ ಬರುವ ಮೊದಲೇ ಮೈತುಂಬ ಹಳದಿ ಹೂ ಬಿಡುವ ಪೊದೆ, ಬೀದಿಗೊಂದು ಇದ್ದೇ ಇರುತ್ತದೆ. ಅದು ಅರಳಿದಾಗ ಸಿದ್ಧವಾಗಿ, ಹೂ ಉದುರಲು ಶುರುವಾಗುವಷ್ಟರಲ್ಲಿ ಹಾಕಿ ಮುಗಿಸಿ. ಡ್ರೈವ್‌ವೇ ಮತ್ತು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಬಿಸಿಯಾಗುತ್ತವೆ. ಕಳೆ ಮೊದಲು ಕಾಣುವುದು ಅಲ್ಲೇ.

ಔಷಧಿ ಕೆಲಸ ಮಾಡುವುದು ಹೀಗೆ. ಮಣ್ಣಿನ ಮೇಲ್ಭಾಗದಲ್ಲಿ ತೆಳು ಪದರವಾಗಿ ಕೂರುತ್ತದೆ. ಬೀಜ ಒಡೆದು ಬೇರು ಬಿಟ್ಟಾಗ ಆ ಬೇರಿನ ಬೆಳವಣಿಗೆ ನಿಂತುಹೋಗುತ್ತದೆ. ಈಗಾಗಲೇ ಬೇರೂರಿದ ಹುಲ್ಲಿಗೆ ಏನೂ ಆಗಲ್ಲ. ಹರಳು ಉದುರಿಸಿ ಸುಮ್ನೆ ಬಿಟ್ಟರೆ ಪದರ ಆಗುವುದಿಲ್ಲ. ಅರ್ಧ ಇಂಚಿನಷ್ಟು ನೀರು ಬೇಕು, ಮಳೆಯೋ ಸ್ಪ್ರಿಂಕ್ಲರೋ. ಈ ಔಷಧಿಗಳಲ್ಲಿ ಪ್ರೊಡಯಮೀನ್ ಜಾಸ್ತಿ ದಿನ ಬರುತ್ತದೆ. ಡೈಥಿಯೋಪಿರ್ ಒಂದು ವಾರ ತಡವಾದವರಿಗೆ ಒಳ್ಳೆಯದು, ಆಗಷ್ಟೇ ಹುಟ್ಟಿದ ಕ್ರ್ಯಾಬ್‌ಗ್ರಾಸನ್ನೂ ಹಿಡಿಯುತ್ತದೆ.

ನಿಮ್ಮ ಡ್ರೈವ್‌ವೇ ಅಂಚಿಗೆ ಬೇರೆ ದಾರಿ ಇದೆ. ಆ ಪಟ್ಟಿಯನ್ನು ಬಿಟ್ಟು ಉಳಿದ ಕಡೆ ಪ್ರಿ-ಎಮರ್ಜೆಂಟ್ ಹಾಕಿ. ಪಟ್ಟಿಗೆ ಪೆರೆನಿಯಲ್ ರೈ ಜಾಸ್ತಿ ಇರುವ ಬೀಜ ಹಾಕಿ. ಅದು ಒಂದು ವಾರ ಹತ್ತು ದಿನಕ್ಕೆ ಮೊಳೆಯುತ್ತದೆ. ಬ್ಲೂಗ್ರಾಸ್ ಆದರೆ ಮೂರು ವಾರ ಕಾಯಿಸಿದರೂ ಕಾಯಿಸಿತು. ಬಿತ್ತುವಾಗಲೇ ಹಾಕಬಹುದಾದ ಮೀಸೋಟ್ರಿಯೋನ್ ಅಂತ ಒಂದು ಕಳೆನಾಶಕ ಇದೆ. ಲೇಬಲ್‌ನಲ್ಲಿ ಯಾವ ಹುಲ್ಲಿಗೆ ಆಗುತ್ತದೆ ಅಂತ ಓದಿ ಬಳಸಿ, ಫೈನ್ ಫೆಸ್ಕ್ಯೂಗೆ ಸ್ವಲ್ಪ ಕಿರಿಕಿರಿ.

ಕಪ್ಪುಮಣ್ಣು · ಮಾರ್ಚ್ 9

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಈಗ ಪೆನ್ಸಿಲ್ವೇನಿಯಾದಲ್ಲಿ ಕಂಪ್ಯೂಟರ್ ಕುಟ್ಟುತ್ತಿರುವವನು ನಾನು. ಮಣ್ಣಿನ ಮಾತು ಬಂದರೆ ಕೈ ತುರಿಸುತ್ತದೆ, ಕ್ಷಮೆ ಇರಲಿ.

ಆ ಪ್ಯಾಕೇಜ್‌ನಲ್ಲಿ ಸುಣ್ಣ ಅಂತ ಇದೆಯಲ್ಲ, ಯಾವ ಆಧಾರದ ಮೇಲೆ? ನಿಮ್ಮ ಮಣ್ಣಿನ ಪಿಎಚ್ ಎಷ್ಟು ಅಂತ ಅವರಿಗೆ ಗೊತ್ತಾ? ಪಾಚಿ ಕಂಡ ಕೂಡಲೇ ಮಣ್ಣು ಹುಳಿಯಾಗಿದೆ, ಸುಣ್ಣ ಸುರಿ ಅನ್ನುವುದು ಇಲ್ಲಿ ರೂಢಿ. ಪಾಚಿಗೆ ಕಾರಣ ನೆರಳು ಇರಬಹುದು, ನೀರು ನಿಲ್ಲುವುದು ಇರಬಹುದು, ಗಟ್ಟಿ ನೆಲ ಇರಬಹುದು. ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ. ಹುಲ್ಲು ಸೋತ ಜಾಗದಲ್ಲಿ ಬಂದು ಕೂರುತ್ತದೆ.

ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಮಣ್ಣು ಪರೀಕ್ಷೆಯ ಲ್ಯಾಬ್ ಇದೆ. ಕೌಂಟಿಯ ಎಕ್ಸ್‌ಟೆನ್ಶನ್ (ಕೃಷಿ ಸಲಹಾ) ಕಚೇರಿಯಲ್ಲಿ ಕೇಳಿದರೆ ಹೇಗೆ ಕಳಿಸಬೇಕು ಅಂತ ಹೇಳುತ್ತಾರೆ. ಲಾನ್‌ನ ಹತ್ತಾರು ಕಡೆಯಿಂದ ಕೆಲವು ಇಂಚು ಆಳದ ಮಣ್ಣು ತೆಗೆದು, ಬಕೆಟ್‌ನಲ್ಲಿ ಬೆರೆಸಿ, ಅದರಿಂದ ಸ್ವಲ್ಪ ಕಳಿಸಿ. ಮರದ ಕೆಳಗಿನದನ್ನು ಬೇರೆ ಮಾಡಿ. ಊರಲ್ಲಿ ಹೊಲದ ಮಣ್ಣು ತೆಗೆಯುವ ಕ್ರಮವೇ ಇದು. ಪಿಎಚ್ 6ರಿಂದ 7ರ ನಡುವೆ ಇದ್ದರೆ ಸುಣ್ಣದ ಚೀಲ ಅಂಗಡಿಯಲ್ಲೇ ಇರಲಿ.

ಮೇಪಲ್ ಕೆಳಗೆ ಹುಲ್ಲು ಬೆಳೆಸುವ ಹಟ ಬೇಡ ಅನ್ನುತ್ತೇನೆ. ಮೇಲ್ಮಟ್ಟದ ಬೇರು, ದಟ್ಟ ನೆರಳು, ಎರಡೂ ಹುಲ್ಲಿನ ಶತ್ರು. ಅಲ್ಲಿ ಒಂದು ದೊಡ್ಡ ಸುತ್ತು ಮರದ ಚಕ್ಕೆ ಹಾಸಿಬಿಡಿ. ಕಾಂಡಕ್ಕೆ ತಾಗದಂತೆ, ಎರಡು ಮೂರು ಇಂಚು ದಪ್ಪ. ಕಾಂಡದ ಸುತ್ತ ಗುಡ್ಡೆ ಹಾಕುವ ಪದ್ಧತಿ ಇಲ್ಲಿ ಎಲ್ಲ ಕಡೆ ಕಾಣುತ್ತದೆ, ಅದರಿಂದ ತೊಗಟೆ ಕೊಳೆಯುತ್ತದೆ.

ಮಿಲ್ಟನ್_ಕೀನ್ಸ್_ಮಳೆ · ಮಾರ್ಚ್ 10

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ಲಾನ್ ಅಂದರೆ ಪಾಚಿಯ ಜೊತೆ ಸಂಸಾರ. ಜನ ಐರನ್ ಸಲ್ಫೇಟ್ ಹಾಕುತ್ತಾರೆ. ಪಾಚಿ ಕೆಲವೇ ದಿನದಲ್ಲಿ ಕಪ್ಪಾಗಿ ಸಾಯುತ್ತದೆ, ಹುಲ್ಲು ಕಡು ಹಸಿರಾಗುತ್ತದೆ, ಆಮೇಲೆ ಕೆರೆದು ತೆಗೆಯಬೇಕು. ಆದರೆ ಕಾಂಕ್ರೀಟ್, ಕಲ್ಲು ಹಾಸಿನ ಮೇಲೆ ಒಂದು ಹರಳು ಬಿದ್ದು ಒದ್ದೆಯಾದರೂ ತುಕ್ಕಿನ ಕಲೆ. ಹೋಗುವುದೇ ಇಲ್ಲ. ಡ್ರೈವ್‌ವೇ ಪಕ್ಕ ಹುಷಾರು.

ಹೊಸಮನೆ_ಜೆರ್ಸಿ · ಮಾರ್ಚ್ 10

ಸರಿ, ಸುಣ್ಣ ಇಲ್ಲ, ಬೀಜ ಅಂಚಿಗೆ ಮಾತ್ರ. ಗೊಬ್ಬರ? ಪಕ್ಕದ ಮನೆಯವರು ನಿನ್ನೆಯೇ ಹಾಕಿದರು. ನಾವು ಹಿಂದೆ ಬೀಳುತ್ತಿದ್ದೇವೆ ಅನ್ನಿಸುತ್ತಿದೆ.

ರಾರಿಟನ್_ರೈತ · ಮಾರ್ಚ್ 10

ಪಕ್ಕದ ಮನೆಯವರ ಜೊತೆ ಲಾನ್ ಸ್ಪರ್ಧೆಗೆ ಇಳಿದರೆ ಗೆಲ್ಲುವುದು ಗೊಬ್ಬರದ ಅಂಗಡಿ.

ನ್ಯೂಜೆರ್ಸಿಯಲ್ಲಿ ಗೊಬ್ಬರಕ್ಕೆ ಕಾನೂನೇ ಇದೆ, 2011ರದು. ಲಾನ್ ಗೊಬ್ಬರ ತೊಳೆದುಹೋಗಿ ಬಾರ್ನೆಗಟ್ ಕೊಲ್ಲಿಯ ನೀರು ಕೆಡುತ್ತಿದ್ದದ್ದು ಅದರ ಹಿನ್ನೆಲೆ. ಮನೆಯವರು ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಹಾಕುವಂತಿಲ್ಲ. ಹೆಪ್ಪುಗಟ್ಟಿದ ನೆಲಕ್ಕೆ, ಜೋರು ಮಳೆ ಬರುವ ಮುಂಚೆ ಹಾಕುವಂತಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಾಣದಿದ್ದರೆ ರಂಜಕ ಹಾಕುವಂತಿಲ್ಲ, ಹೊಸದಾಗಿ ಬಿತ್ತುವ ಅಥವಾ ದುರಸ್ತಿ ಮಾಡುವ ಲಾನ್‌ಗೆ ಮಾತ್ರ ವಿನಾಯಿತಿ. ಅದಕ್ಕೇ ಅಂಗಡಿಯ ಚೀಲಗಳಲ್ಲಿ ಮೂರು ಸಂಖ್ಯೆಗಳ (ಸಾರಜನಕ, ರಂಜಕ, ಪೊಟ್ಯಾಶ್) ಮಧ್ಯದ್ದು ಸೊನ್ನೆ. ಒಂದು ಸಲಕ್ಕೆ 1,000 ಚದರಡಿಗೆ ಒಟ್ಟು 0.9 ಪೌಂಡ್ ಸಾರಜನಕ ಮೀರಬಾರದು. ವರ್ಷಕ್ಕೆ 3.2 ಪೌಂಡ್.

ಲೆಕ್ಕ ಹೀಗೆ. ಚೀಲದ ಮೇಲೆ ಮೊದಲ ಸಂಖ್ಯೆ 24 ಇದ್ದರೆ ನೂರು ಪೌಂಡ್‌ಗೆ 24 ಪೌಂಡ್ ಸಾರಜನಕ. 0.9 ಪೌಂಡ್ ಬೇಕಾದರೆ 1,000 ಚದರಡಿಗೆ ಮೂರೂ ಮುಕ್ಕಾಲು ಪೌಂಡ್ ಗೊಬ್ಬರ. ನಿಮ್ಮ 4,000ಕ್ಕೆ 15 ಪೌಂಡ್. ಅದು ಗರಿಷ್ಠ, ಅಷ್ಟು ಹಾಕಲೇಬೇಕು ಅಂತಿಲ್ಲ.

ಯಾವಾಗ ಅನ್ನುವುದು ಮುಖ್ಯ. ವಸಂತದಲ್ಲಿ ಹುಲ್ಲು ಚಳಿಗಾಲಕ್ಕೆ ಮುಂಚೆ ಕೂಡಿಟ್ಟ ಶಕ್ತಿಯಿಂದಲೇ ಚಿಗುರುತ್ತದೆ. ಈಗ ಸಾರಜನಕ ಸುರಿದರೆ ಎಲೆ ಎದ್ದು ನಿಲ್ಲುತ್ತದೆ, ಬೇರು ಹಿಂದೆ ಬೀಳುತ್ತದೆ. ನಿಮಗೆ ವಾರಕ್ಕೆರಡು ಸಲ ಮೋವಿಂಗ್ ಶಿಕ್ಷೆ. ಮೇ ಕೊನೆಗೆ ನಿಧಾನವಾಗಿ ಕರಗುವ ಗೊಬ್ಬರ ಸ್ವಲ್ಪ ಕೊಡಿ. ಮುಖ್ಯ ಊಟ ಸೆಪ್ಟೆಂಬರ್‌ನಲ್ಲಿ. ಔಷಧಿ ಗೊಬ್ಬರ ಎರಡೂ ಸೇರಿದ ಚೀಲ ಅಂಗಡಿಯಲ್ಲಿ ಎದುರಿಗೇ ಇರುತ್ತದೆ. ಆದರೆ ಔಷಧಿಯ ಸಮಯ ಬೇರೆ, ಗೊಬ್ಬರದ ಸಮಯ ಬೇರೆ. ಬೇರೆ ಬೇರೆ ತನ್ನಿ.

ಡಲ್ಲಾಸ್_ಬಿಸಿಲು · ಮಾರ್ಚ್ 11

ದಯವಿಟ್ಟು ಇದನ್ನೆಲ್ಲ ಓದಿ ಟೆಕ್ಸಸ್‌ನವರು ಹಾಗೇ ಮಾಡಬೇಡಿ! ನಮ್ಮದು ತಲೆಕೆಳಗು. ಇಲ್ಲಿ ಬರ್ಮುಡಾ, ಸೇಂಟ್ ಆಗಸ್ಟೀನ್, ಜೋಯ್ಸಿಯಾ. ಇವು ಬಿಸಿಲಿನ ಹುಲ್ಲುಗಳು, ಚಳಿಗಾಲದಲ್ಲಿ ಒಣಗಿದ ಬಣ್ಣಕ್ಕೆ ತಿರುಗಿ ಮಲಗುತ್ತವೆ. ಪ್ರಿ-ಎಮರ್ಜೆಂಟ್ ಹಾಕುವ ಕಾಲ ನಮಗೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ವಾರ, ಈಗ ಮುಗಿಯಿತು. ಏರೇಶನ್ ನಮಗೆ ಶರತ್ಕಾಲದಲ್ಲಿ ಅಲ್ಲ, ಹುಲ್ಲು ಪೂರ್ತಿ ಎದ್ದ ಮೇಲೆ ಮೇ ಹೊತ್ತಿಗೆ.

ಬರ್ಮುಡಾ ಇದ್ದರೆ ಹಸಿರು ಇಣುಕುವ ಹೊತ್ತಿಗೆ ಮೋವರ್ ತಗ್ಗಿಸಿ ಒಂದು ಇಂಚಿಗೆ ಬೋಳಿಸಿ, ಒಣ ಹುಲ್ಲು ಚೀಲಕ್ಕೆ ತುಂಬಿ ತೆಗೆಯಿರಿ. ನೆಲಕ್ಕೆ ಬಿಸಿಲು ತಾಗಿ ಬೇಗ ಚಿಗುರುತ್ತದೆ. ಧೂಳು ಭಯಂಕರ, ಮಾಸ್ಕ್ ಹಾಕಿ. ಸೇಂಟ್ ಆಗಸ್ಟೀನ್‌ಗೆ ಈ ಕೆಲಸ ಮಾಡಬೇಡಿ. ಅದರ ಬಳ್ಳಿ ನೆಲದ ಮೇಲೇ ಹರಿಯುತ್ತದೆ, ಬೋಳಿಸಿದರೆ ಬಳ್ಳಿಯೇ ಹೋಯಿತು. ಗೊಬ್ಬರ ಮಾತ್ರ ಅವಸರ ಬೇಡ. ಕಳೆಯನ್ನಲ್ಲ, ಹುಲ್ಲನ್ನೇ ಎರಡು ಸಲ ಮೋವ್ ಮಾಡಿದ ಮೇಲೆ ಹಾಕಿ.

ಗೊತ್ತಿಲ್ಲದವರಿಗೆ: ಬರ್ಮುಡಾ ಅಂದರೆ ನಮ್ಮ ಗರಿಕೆಯೇ. ಸೈನೊಡಾನ್ ಡ್ಯಾಕ್ಟಿಲಾನ್. ಅಂಗಡಿಯಲ್ಲಿ ಸಿಗುವ ಲಾನ್ ತಳಿಗಳಲ್ಲಿ ಹಲವು ಮಿಶ್ರತಳಿಗಳು, ಎಲೆ ಇನ್ನೂ ಸಣ್ಣ. ಗಣೇಶನ ಹಬ್ಬಕ್ಕೆ ನಮ್ಮ ಬೀದಿಯವರೆಲ್ಲ ಹಿತ್ತಲಿನಿಂದಲೇ ಕೀಳುತ್ತಾರೆ. ಅದಕ್ಕೆ ನಾನು ಬೇಲಿ ಪಕ್ಕದ ಒಂದು ಮೂಲೆಗೆ ಔಷಧಿ ಮುಟ್ಟಿಸುವುದಿಲ್ಲ.

ರಾರಿಟನ್_ರೈತ · ಮಾರ್ಚ್ 11

ಅದೇ ಗರಿಕೆ ನ್ಯೂಜೆರ್ಸಿಯ ಲಾನ್‌ಗೆ ನುಗ್ಗಿದರೆ ಕಳೆ. ನೆಲದ ಮೇಲೂ ಹರಿಯುತ್ತದೆ, ಕೆಳಗೂ ಹರಿಯುತ್ತದೆ, ಕಿತ್ತರೆ ತುಂಡು ತುಂಡಾಗಿ ಮತ್ತೆ ಹುಟ್ಟುತ್ತದೆ. ಊರಲ್ಲಿ ಹೊಲದ ಬದುವಿನಲ್ಲಿ ಗುದ್ದಲಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೇನುಗೂಡು · ಮಾರ್ಚ್ 12

ಎಲ್ಲ ಓದಿದೆ. ಯಾರೂ ಕೇಳದ ಪ್ರಶ್ನೆ: ಇಷ್ಟೊಂದು ಹುಲ್ಲು ಯಾಕೆ? ನಾಸಾದ ಉಪಗ್ರಹ ಚಿತ್ರಗಳನ್ನು ಆಧರಿಸಿ 2005ರಲ್ಲಿ ಬಂದ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಲಾನ್, ಗಾಲ್ಫ್ ಮೈದಾನ, ಪಾರ್ಕ್ ಎಲ್ಲ ಸೇರಿ ಹುಲ್ಲುಹಾಸು ಸುಮಾರು 1,63,800 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ 1,91,791. ನೀರು ಬೇಡುವ ಬೆಳೆಗಳಲ್ಲಿ ಇಲ್ಲಿ ಇದೇ ದೊಡ್ಡದು, ನೀರಾವರಿ ಮೆಕ್ಕೆಜೋಳಕ್ಕಿಂತ ಮೂರು ಪಟ್ಟು. ಮನೆಗಳ ನೀರಿನಲ್ಲಿ ಮೂರನೇ ಒಂದು ಭಾಗದಷ್ಟು ಗಿಡ ಹುಲ್ಲಿಗೆ ಹೋಗುತ್ತದೆ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುತ್ತದೆ. ತಿನ್ನಲಿಕ್ಕಾ, ಮೇಯಿಸಲಿಕ್ಕಾ?

ಬಿಳಿ ಕ್ಲೋವರ್ ಎಂಬ ಮೂರೆಲೆಯ ಸಣ್ಣ ಗಿಡದ ಬೀಜ ಚೆಲ್ಲಿ. ಗಾಳಿಯ ಸಾರಜನಕವನ್ನು ತಾನೇ ಹಿಡಿದು ಹುಲ್ಲಿಗೂ ಕೊಡುತ್ತದೆ. ಮೊದಲು ಲಾನ್ ಬೀಜದ ಮಿಶ್ರಣದಲ್ಲಿ ಕ್ಲೋವರ್ ಸೇರಿಸುವುದು ಮಾಮೂಲಾಗಿತ್ತು. ಎರಡನೇ ಮಹಾಯುದ್ಧದ ನಂತರ 2,4-ಡಿ ಎಂಬ ಕಳೆನಾಶಕ ಬಂತು. ಅದು ಅಗಲ ಎಲೆಯ ಗಿಡ ಎಲ್ಲವನ್ನೂ ಕೊಲ್ಲುತ್ತದೆ, ಕ್ಲೋವರನ್ನೂ ಸೇರಿಸಿ. ಔಷಧಿಯಿಂದ ಉಳಿಸಿಕೊಳ್ಳಲಾಗದ್ದನ್ನು ಕಳೆಯ ಪಟ್ಟಿಗೆ ಸೇರಿಸಿದರು, ಅಷ್ಟೇ. ಮೇ ತಿಂಗಳು ಪೂರ್ತಿ ಮೋವ್ ಮಾಡಬೇಡಿ, ಜೇನುಹುಳಕ್ಕೆ ಹೂ ಸಿಗಲಿ.

ಡೆಟ್ರಾಯಿಟ್_ದೊಡ್ಡಪ್ಪ · ಮಾರ್ಚ್ 12

ಕ್ಲೋವರ್ ಒಪ್ಪಿದೆ, ನಮ್ಮ ಹಿತ್ತಲಲ್ಲೂ ಇದೆ. ಮಕ್ಕಳು ಬರಿಗಾಲಲ್ಲಿ ಓಡಾಡಿದರೆ ಜೇನು ಕಡಿಯುವ ಸಾಧ್ಯತೆ ಇದೆ ಅಂತ ಹೇಳಿಬಿಡಿ. ಆದರೆ ಮೇ ತಿಂಗಳು ಮೋವ್ ಮಾಡದ ವಿಷಯಕ್ಕೆ ನನ್ನ ತಕರಾರು ಇದೆ. ಅದು 2019ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಅಭಿಯಾನ. ಅಲ್ಲಿನ ಹುಲ್ಲುಗಾವಲಿನ ಹೂಗಳಿಗೆ ಸರಿ. ಇಲ್ಲಿ ವಿಸ್ಕಾನ್ಸಿನ್‌ನ ಆ್ಯಪಲ್‌ಟನ್ ಊರಲ್ಲಿ ಪ್ರಯತ್ನಿಸಿ, ಜೇನು ಬಹಳ ಹೆಚ್ಚಿತು ಅಂತ 2020ರಲ್ಲಿ ಬರೆದ ಸಂಶೋಧನಾ ಲೇಖನವನ್ನು ಆಮೇಲೆ ಹಿಂದಕ್ಕೆ ಪಡೆದರು. ಕೆಂಟಕಿ ಬ್ಲೂಗ್ರಾಸ್ ಒಂದು ತಿಂಗಳು ಬೆಳೆದರೆ ಜೇನಿಗೆ ಅದರಲ್ಲಿ ಏನಿದೆ? ಜೂನ್ 1ಕ್ಕೆ ಒಂದಡಿ ಹುಲ್ಲನ್ನು ಒಂದೇ ಏಟಿಗೆ ಕತ್ತರಿಸಿದರೆ ಹುಲ್ಲು ಹಳದಿ.

ಮಧ್ಯದ ದಾರಿ ಇದೆ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮನೆ ಲಾನ್‌ಗಳನ್ನು ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ ಕತ್ತರಿಸಿ ಜೇನು ಎಣಿಸಿದರು. 2018ರಲ್ಲಿ ಪ್ರಕಟವಾಯಿತು. ಹೆಚ್ಚು ಜೇನು ಕಂಡದ್ದು ಎರಡು ವಾರಕ್ಕೊಮ್ಮೆ ಕತ್ತರಿಸಿದ ಕಡೆ. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಜಯನಗರದ_ಹೂದೋಟ · ಮಾರ್ಚ್ 12

ಬೆಂಗಳೂರಿನಿಂದ ಓದುತ್ತಿದ್ದೇನೆ. ನಮಗೆ ಈ ಸ್ನೋ ಮೋಲ್ಡ್ ಸಮಸ್ಯೆ ಇಲ್ಲ ಬಿಡಿ! 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಅಲ್ಲಿಂದಾಚೆ ನಮ್ಮ ಪುಟ್ಟ ಲಾನ್‌ಗೆ ಅಕ್ಕಿ ತರಕಾರಿ ತೊಳೆದ ನೀರೇ ಗತಿ. ಜೇನುಗೂಡು ಅವರ ಮಾತು ನನಗೆ ಅರ್ಥವಾಗುತ್ತದೆ.

ಹೊಸಮನೆ_ಜೆರ್ಸಿ · ಮಾರ್ಚ್ 13

ಹಿಂದುಗಡೆ ಕ್ಲೋವರ್, ಮುಂದುಗಡೆ ಹುಲ್ಲು ಅಂತ ಮನೆಯಲ್ಲಿ ರಾಜಿಯಾಯಿತು. ಮೇಪಲ್ ಕೆಳಗೆ ಚಕ್ಕೆ. ಇನ್ನು ಮೋವರ್. ಹಳೇ ಮಾಲೀಕರು ಒಂದು ಪೆಟ್ರೋಲ್ ಮೋವರ್ ಬಿಟ್ಟು ಹೋಗಿದ್ದಾರೆ. ಟ್ಯಾಂಕಿನಲ್ಲಿ ಕಳೆದ ವರ್ಷದ ಪೆಟ್ರೋಲ್ ಇರಬಹುದು. ಹಾಗೇ ಸ್ಟಾರ್ಟ್ ಮಾಡಬಹುದಾ?

ಡೆಟ್ರಾಯಿಟ್_ದೊಡ್ಡಪ್ಪ · ಮಾರ್ಚ್ 13

ಮಾಡಬೇಡಿ. ಇಲ್ಲಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಹಳೆಯದನ್ನು ತೆಗೆದು, ಟೌನ್‌ಶಿಪ್‌ನವರು ಅಪಾಯಕಾರಿ ಕಸ ತಗೊಳ್ಳುವ ದಿನ ಕೊಡಿ. ಆಯಿಲ್ ಬದಲಿಸಿ, ಏರ್ ಫಿಲ್ಟರ್ ನೋಡಿ, ಸ್ಪಾರ್ಕ್ ಪ್ಲಗ್ ಹೊಸದು ಹಾಕಿ. ಬ್ಲೇಡ್ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತಿಡಿ. ಇದನ್ನು ಮರೆಯುವಂತಿಲ್ಲ. ಬ್ಲೇಡ್ ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹತ್ತಿಕೊಳ್ಳಬಹುದು.

ಬ್ಲೇಡ್ ಮೊಂಡಾಗಿದ್ದರೆ ಹುಲ್ಲು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ತುದಿಗಳೆಲ್ಲ ಬಿಳಿ ನಾರು ನಾರಾಗಿ ಕಾಣುತ್ತವೆ, ರೋಗ ಒಳಗೆ ಹೋಗಲು ದಾರಿ. ಹಾರ್ಡ್‌ವೇರ್ ಅಂಗಡಿಯವರೇ ಹರಿತ ಮಾಡಿಕೊಡುತ್ತಾರೆ. ಏಪ್ರಿಲ್‌ನಲ್ಲಿ ಕ್ಯೂ ಇರುತ್ತದೆ, ಈಗಲೇ ಕೊಡಿ.

ಎತ್ತರ ಮೂರರಿಂದ ಮೂರೂವರೆ ಇಂಚು. ಒಂದು ಸಲಕ್ಕೆ ಮೂರನೇ ಒಂದಕ್ಕಿಂತ ಜಾಸ್ತಿ ತೆಗೆಯಬಾರದು. ಎತ್ತರದ ಹುಲ್ಲು ನೆಲಕ್ಕೆ ನೆರಳು ಕೊಡುತ್ತದೆ, ಬೆಳಕು ಬೇಕಾದ ಕ್ರ್ಯಾಬ್‌ಗ್ರಾಸ್ ಬೀಜಕ್ಕೆ ಅದು ಆಗಿಬರಲ್ಲ. ಕತ್ತರಿಸಿದ್ದನ್ನು ಅಲ್ಲೇ ಬಿಡಿ, ವರ್ಷದ ಸಾರಜನಕದಲ್ಲಿ ಕಾಲು ಭಾಗದವರೆಗೆ ಅದರಿಂದಲೇ ಸಿಗುತ್ತದೆ. ಅದರಿಂದ ಥ್ಯಾಚ್ ಆಗುತ್ತದೆ ಅನ್ನುವುದು ಸುಳ್ಳು. ಥ್ಯಾಚ್ ಆಗುವುದು ಬೇರು, ಬುಡದ ನಾರಿನಿಂದ. ಒಂದು ತುಂಡು ಅಗೆದು ನೋಡಿ. ಮಣ್ಣಿನ ಮೇಲೆ ಕಂದು ನಾರಿನ ಪದರ ಅರ್ಧ ಇಂಚಿಗಿಂತ ಕಡಿಮೆ ಇದ್ದರೆ ಡಿಥ್ಯಾಚಿಂಗ್ ಮಾತೇ ಬೇಡ.

ಕಪ್ಪುಮಣ್ಣು · ಮಾರ್ಚ್ 13

ಅಗೆದಾಗ ಬಿಳಿ, ಇಂಗ್ಲಿಷ್ ಸಿ ಆಕಾರದಲ್ಲಿ ಸುರುಳಿ ಹುಳು ಕಂಡರೆ ಹೆದರಬೇಡಿ. ಗೊಣ್ಣೆ ಹುಳುವೇ, ಊರಿನ ಕಬ್ಬಿಗೆ ಬೀಳುವುದರ ದಾಯಾದಿ. ಇಲ್ಲಿ ಹೆಚ್ಚಾಗಿ ಜಪಾನೀಸ್ ಬೀಟಲ್‌ನದು. ಚದರಡಿಗೆ ಎರಡು ಮೂರು ಇದ್ದರೆ ಆರೋಗ್ಯವಾದ ಲಾನ್ ತಡೆದುಕೊಳ್ಳುತ್ತದೆ. ಹತ್ತರ ಹತ್ತಿರ ಹೋದರೆ ಯೋಚಿಸಿ. ಮಾರ್ಚ್‌ನಲ್ಲಿ ಅವು ಬಲಿತಿರುತ್ತವೆ, ಈಗ ವಿಷ ಹಾಕಿ ಲಾಭ ಇಲ್ಲ.

ಹೊಸಮನೆ_ಜೆರ್ಸಿ · ಏಪ್ರಿಲ್ 6

ಬೀದಿ ಕೊನೆಯ ಫೋರ್ಸಿಥಿಯಾ ಹಳದಿಯಾಗಿ ನಿಂತಿದೆ. ಥರ್ಮಾಮೀಟರ್ ಮುಂದುಗಡೆ 53, ಹಿಂದುಗಡೆ ನೆರಳಲ್ಲಿ 48. ನಾಳಿದ್ದು ಮಳೆ ಅಂತಿದೆ. ಮುಂದುಗಡೆ ಪ್ರಿ-ಎಮರ್ಜೆಂಟ್ ಇಂದೇ ಹಾಕಿಬಿಡಲಾ? ಸ್ಪ್ರೆಡರ್ (ಹರಳು ಉದುರಿಸುವ ಗಾಡಿ) ಸೆಟ್ಟಿಂಗ್ ಚೀಲದ ಮೇಲೆ ಒಂದು, ಸ್ಪ್ರೆಡರ್ ಪುಸ್ತಕದಲ್ಲಿ ಇನ್ನೊಂದು!

ರಾರಿಟನ್_ರೈತ · ಏಪ್ರಿಲ್ 6

ಹಾಕಿ, ಆದರೆ ಜಡಿಮಳೆ ಅಂತಿದ್ದರೆ ಬೇಡ. ಎಲ್ಲ ಚರಂಡಿಗೆ ಹೋಗುತ್ತದೆ. ಸೆಟ್ಟಿಂಗ್ ಎರಡನ್ನೂ ನಂಬಬೇಡಿ. 1,000 ಚದರಡಿಗೆ ಎಷ್ಟು ಬೇಕೋ ಅಷ್ಟು ತೂಕ ಮಾಡಿ ಸುರಿಯಿರಿ. ಕಡಿಮೆ ಸೆಟ್ಟಿಂಗ್‌ನಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೋಗಿ. ಪಟ್ಟೆ ಪಟ್ಟೆ ಆಗುವುದಿಲ್ಲ. ಡ್ರೈವ್‌ವೇ ಮೇಲೆ ಬಿದ್ದ ಹರಳು ನೀರಿನಿಂದ ತೊಳೆಯಬೇಡಿ, ಪೊರಕೆಯಿಂದ ಲಾನ್‌ಗೆ ಗುಡಿಸಿ. ಕ್ಲೋವರ್ ಬಿತ್ತುವ ಹಿಂದುಗಡೆಗೆ ಇದು ಬೇಡವೇ ಬೇಡ.

ಹೊಸಮನೆ_ಜೆರ್ಸಿ · ಏಪ್ರಿಲ್ 29

ಅಂಚಿನ ಬೀಜ ಮೊಳೆತಿದೆ. ಮಣ್ಣಿನ ರಿಪೋರ್ಟ್ ಬಂತು, ಪಿಎಚ್ 6.4. ಸುಣ್ಣ ಉಳಿಯಿತು! ಆದರೆ ಮುಂದುಗಡೆ ಡ್ಯಾಂಡಿಲಿಯನ್ ಎಂಬ ಕಳೆಯ ಹೂ ತುಂಬಿಕೊಂಡಿದೆ. ಔಷಧಿ ಕೆಲಸ ಮಾಡಲಿಲ್ಲವಾ?

ರಾರಿಟನ್_ರೈತ · ಏಪ್ರಿಲ್ 29

ಮಾಡಿದೆ. ಅದು ಬೀಜಕ್ಕೆ ಹಾಕಿದ್ದು. ಡ್ಯಾಂಡಿಲಿಯನ್ ಹಳೇ ಬೇರಿನಿಂದ ಎದ್ದು ಬಂದಿದೆ, ಅದಕ್ಕೆ ಇದು ನಾಟುವುದಿಲ್ಲ. ಮಳೆ ಬಂದ ಮರುದಿನ ಉದ್ದ ಕವಲು ಉಪಕರಣದಿಂದ ಮೂಲಂಗಿಯಂಥ ಬೇರು ಸಮೇತ ಕೀಳಿ. ಅರ್ಧಕ್ಕೆ ಮುರಿದರೆ ಮತ್ತೆ ಬರುತ್ತದೆ. ಬಹಳ ಇದ್ದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಕಳೆನಾಶಕ ಹೊಡೆಯಿರಿ. ಆಗ ಗಿಡ ಆಹಾರವನ್ನು ಬೇರಿಗೆ ಇಳಿಸುತ್ತಿರುತ್ತದೆ, ಔಷಧಿಯೂ ಜೊತೆಗೆ ಇಳಿಯುತ್ತದೆ. ಕೀಳುವಾಗ ಪ್ಯಾಂಟ್ ಕಾಲು ಸಾಕ್ಸ್ ಒಳಗೆ ಸೇರಿಸಿ. ಮೇಯಿಂದ ಜುಲೈವರೆಗೆ ಜಿಂಕೆ ಉಣ್ಣಿಯ ಮರಿಗಳು ಗಸಗಸೆ ಕಾಳಿನಷ್ಟೇ ಇರುತ್ತವೆ, ಕಾಣುವುದೇ ಇಲ್ಲ. ಲೈಮ್ ರೋಗ ಹರಡುವುದು ಹೆಚ್ಚಾಗಿ ಅವೇ.

ಹೊಸಮನೆ_ಜೆರ್ಸಿ · ಮೇ 11

ಅತ್ತೆ ಮಾವ ಊರಿನಿಂದ ಬಂದಿದ್ದಾರೆ. ಹಿಂದುಗಡೆ ಬೇಲಿ ಪಕ್ಕ ಎರಡು ಮಡಿ ಮಾಡಿ ಮೆಂತ್ಯ, ಹುರುಳಿಕಾಯಿ, ಟೊಮೆಟೊ ಹಾಕಿದ್ದಾರೆ. ಪಕ್ಕದ ಮನೆಯವರ ಮೋವರ್ ಚೀಲದ ಹುಲ್ಲನ್ನು ಕೇಳಿ ತಂದು ಮಡಿಗೆ ಮುಚ್ಚಿಗೆ ಹಾಕುತ್ತೇನೆ ಅಂತಿದ್ದಾರೆ ಮಾವ. ಪುಕ್ಕಟೆ ಗೊಬ್ಬರ ಅಂತೆ. ಹಾಕಬಹುದಾ?

ಕಪ್ಪುಮಣ್ಣು · ಮೇ 11

ಪಕ್ಕದವರು ಕಳೆನಾಶಕ ಹೊಡೆಸುತ್ತಾರಾ ಕೇಳಿ. ಹೊಡೆಸಿದ್ದರೆ ಬೇಡ. 2,4-ಡಿ ಜಾತಿಯ ಔಷಧಿ ಉಳಿದ ಹುಲ್ಲು ಟೊಮೆಟೊ, ಹುರುಳಿಗೆ ಬಿದ್ದರೆ ಎಲೆ ಮುರುಟಿ ಕುಡಿ ಸುರುಳಿಯಾಗುತ್ತದೆ. ಕ್ಲೋಪಿರಾಲಿಡ್‌ನಂಥ ಕೆಲವು ಔಷಧಿಗಳು ಕಾಂಪೋಸ್ಟ್ ಆದ ಮೇಲೂ ಉಳಿಯುತ್ತವೆ. ಎಷ್ಟು ಮೋವಿಂಗ್ ಆದ ಮೇಲೆ ಬಳಸಬಹುದು ಅಂತ ಲೇಬಲ್‌ನಲ್ಲೇ ಇರುತ್ತದೆ, ಆದರೆ ಬೇರೆಯವರ ಚೀಲದ ಚರಿತ್ರೆ ಯಾರಿಗೆ ಗೊತ್ತು? ನಿಮ್ಮ ಹಿಂದುಗಡೆಯ ಹುಲ್ಲಿಗೆ ಏನೂ ಹಾಕಿಲ್ಲವಲ್ಲ, ಅದನ್ನೇ ಕೊಡಿ. ಒಂದು ದಿನ ಬಿಸಿಲಿಗೆ ಹರಡಿ ಒಣಗಿಸಿ, ತೆಳುವಾಗಿ ಹಾಸಲಿ. ಹಸಿಯಾಗಿ ದಪ್ಪ ಹಾಕಿದರೆ ಬಿಸಿಯಾಗಿ ನಾರುತ್ತದೆ.